ಮೂರು ತೂತಿನ ಇಂಜಿನಿಯರಿಂಗ್

ಸ್ಟಾರ್ಟ್‌ಅಪ್ ಮಂದಿಗೆ ಈಗೊಂದು ಹೊಸ ಹುಚ್ಚು ಹತ್ತೇದ ನೋಡ್ರಿ. ಒಂದು ಜೋಡಿ ತಗೊಂಡ್ರ ಐದು ಜೋಡಿಯ ಕೆಲಸ ಆಗಬೇಕು. ಮುಂಜಾನೆ ಆಫೀಸಿಗೆ ಹೋಗುವಾಗ ಅದು ಬೂಟು. ಮಧ್ಯಾಹ್ನ ಹಿಂಭಾಗ ಬಿಚ್ಚಿದರೆ ಚಪ್ಪಲಿ. ಸಂಜೆ ಹಿಮ್ಮಡಿ ಸಿಗಿಸಿದರೆ ಹೈ ಹೀಲ್ಸ್. ಬಾರು ತೆಗೆದು ಬೇರೆ ಬಣ್ಣದ ಬಾರು ಹಾಕಿದರೆ ಮದುವೆ ಮನೆಗೂ ನಡೆಯುತ್ತದೆ. ಎರಡು ವರ್ಷದಲ್ಲಿ ಇಂಥ ಮೂರು ಪ್ರೆಸೆಂಟೇಶನ್ ನೋಡಿದ್ದೇನೆ. ಮೂರರಲ್ಲೂ ಸ್ಲೈಡಿನ ಬಣ್ಣ ಬೇರೆ, ಮಾತು ಒಂದೇ. ಮಾರುಕಟ್ಟೆ ಎಷ್ಟು ಕೋಟಿ, ಆ್ಯಪ್ ಹೇಗಿರುತ್ತದೆ, ಪೇಟೆಂಟ್ ಯಾವಾಗ. ಮೂರರಲ್ಲೂ ಒಬ್ಬ ಮನುಷ್ಯ ಮಾತ್ರ ಎಲ್ಲೂ ಇರಲಿಲ್ಲ: ಚಪ್ಪಲಿ ಹೊಲಿಯುವವ.

ನಾನು ಚರ್ಮದ ಕೆಲಸ ಬಲ್ಲವನಲ್ಲ. ಬಿಇ ಮಾಡಿ ಹದಿಮೂರು ವರ್ಷದಿಂದ ಸಾಫ್ಟ್‌ವೇರ್ ಬರೀತಿದ್ದೇನೆ. ಊರು ನವಲಗುಂದದ ಕಡೆ, ಮನೆ ಈಗ ಕೇಶ್ವಾಪುರ. ಆದರೆ ಬಿಡಿ ಭಾಗಗಳನ್ನು ಕೂಡಿಸಿ ಒಂದು ವಸ್ತು ಕಟ್ಟೋದು, ಒಂದು ಭಾಗ ತೆಗೆದು ಇನ್ನೊಂದು ಹಾಕಿದರೂ ಅದು ಬೀಳದಂಗ ನೋಡ್ಕೊಳ್ಳೋದು, ಇದು ನನ್ನ ಹೊಟ್ಟೆಪಾಡು. ಆ ಅಧಿಕಾರದ ಮೇಲೆ ಹೇಳ್ತೀನಿ. ರೂಪ ಬದಲಿಸುವ ಪಾದರಕ್ಷೆ ಬೇಕು, ಖಂಡಿತ ಬೇಕು. ಆದರೆ ಅದರ ಕೀಲು ರಸ್ತೆಬದಿಯಲ್ಲಿ ಕೂತು ಹೊಲಿಯುವವನ ಕೈಗೆ ಸಿಗುವಂತಿರಬೇಕು. ಮತ್ತು ಅದರ ವಿನ್ಯಾಸದಲ್ಲಿ ಅಂಥವರ ಹೆಸರು, ಅಂಥವರ ಪಾಲು ಇರಬೇಕು. ಇವೆರಡೂ ಇಲ್ಲದಿದ್ದರೆ ಅದು ಆವಿಷ್ಕಾರ ಅಲ್ಲ, ಆರು ತಿಂಗಳಲ್ಲಿ ಕಸದ ಗಾಡಿ ಸೇರುವ ಪ್ಲಾಸ್ಟಿಕ್ಕು.

*

ಮೊದಲು, ಬೇಕಾಗಿರೋದು ಯಾರಿಗೆ?

ಪ್ರೆಸೆಂಟೇಶನ್‌ನಲ್ಲಿ ಬರೋ ಹುಡುಗಿ ಯಾವಾಗಲೂ ಏರ್‌ಪೋರ್ಟಿನಲ್ಲಿ ಇರ್ತಾಳೆ. ನನಗೆ ಕಾಣೋದು ಚಿಗರಿ ಬಸ್ಸಿನ ಹುಡುಗಿ. ಧಾರವಾಡದಿಂದ ಮುಂಜಾನೆ ಬರ್ತಾಳೆ, ಕೊಪ್ಪಿಕರ್ ರಸ್ತೆಯ ಯಾವುದೋ ಅಂಗಡಿಯಲ್ಲೋ ಹೋಟೆಲಿನ ರಿಸೆಪ್ಷನ್‌ನಲ್ಲೋ ಕೆಲಸ. ಕಾಲಲ್ಲಿ ರಬ್ಬರ್ ಚಪ್ಪಲಿ, ಚೀಲದಲ್ಲಿ ಟಿಫಿನ್ ಡಬ್ಬಿಯ ಪಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಕಪ್ಪು ಬೂಟು. ಮಾಲೀಕರ ನಿಯಮ, ಗಿರಾಕಿ ಮುಂದೆ ಬೂಟು ಇರಬೇಕು. ಆ ಬೂಟಿನಲ್ಲಿ ಹತ್ತು ತಾಸು ನಿಲ್ಲಬೇಕು. ಅವಳ ಚೀಲದಾಗಿನ ಆ ಕವರೇ ನಿಜವಾದ ಡಿಸೈನ್ ಸಮಸ್ಯೆ.

ಇನ್ನೊಂದು ನಮ್ಮ ಎರಿ ಹೊಲ. ಮಳೆಗಾಲದಲ್ಲಿ ನವಲಗುಂದ ಸೀಮೆಯ ಎರಿ ಮಣ್ಣಿನಲ್ಲಿ ನಡೆದವರಿಗೆ ಗೊತ್ತು, ನಾಲ್ಕು ಹೆಜ್ಜೆಗೆ ಕಾಲಿಗೊಂದು ಇಟ್ಟಂಗಿ ಕಟ್ಟಿದಂಗ ಆಗ್ತದ. ಚಪ್ಪಲಿ ಮಣ್ಣಲ್ಲೇ ಉಳೀತದ, ಕಾಲು ಮುಂದೆ ಬರ್ತದ. ಕೊನೆಗೆ ಎಲ್ಲರೂ ಮಾಡೋದು ಒಂದೇ: ಕಾಲಿನ ಚಪ್ಪಲಿ ಕೈಗೆ ತಗೊಳ್ಳೋದು. ಹೊಲಕ್ಕೊಂದು, ಸಂತೆಗೊಂದು, ಜಾತ್ರೆಗೊಂದು ಜೋಡಿ ಇಟ್ಟುಕೊಳ್ಳುವಷ್ಟು ರೊಕ್ಕ ಇರೋರು ಎಷ್ಟು ಮಂದಿ? ಒಂದು ಅಟ್ಟೆಯ ಮೇಲೆ ಎರಡು ಮೂರು ಕೆಲಸ ತೆಗೆಯುವ ಅಗತ್ಯ ಬಡವರದು. ಅದನ್ನು ಶ್ರೀಮಂತರ ಶೋಕಿ ಅಂತ ಮಾಡಿಟ್ಟವರು ನಮ್ಮ ಡಿಸೈನರುಗಳು.

*

ಈಗ ಇಂಜಿನಿಯರಿಂಗಿಗೆ ಬರೋಣ. ಇಲ್ಲೇ ಅಸಲಿ ಮಜಾ ಇರೋದು.

ಬೂಟು ಅನ್ನೋದು ಅಚ್ಚಿನ ಮೇಲೆ ಹುಟ್ಟೋದು. ಕಾಲಿನಾಕಾರದ ಮರದ ಅಥವಾ ಪ್ಲಾಸ್ಟಿಕ್ಕಿನ ಒಂದು ಅಚ್ಚು ಇರ್ತದೆ, ಅದರ ಸುತ್ತ ಚರ್ಮ ಎಳೆದು ಕಟ್ಟುತ್ತಾರೆ. ಹಿಮ್ಮಡಿ ಎಷ್ಟು ಎತ್ತರ ಅನ್ನೋದು ಆ ಅಚ್ಚಿನಲ್ಲೇ ನಿರ್ಧಾರ ಆಗಿರ್ತದೆ. ಎತ್ತರದ ಹಿಮ್ಮಡಿಯ ಜೋಡಿನಲ್ಲಿ ಪಾದದ ನಡುವಿನ ಕಮಾನಿನ ಕೆಳಗೆ ಒಂದು ಗಟ್ಟಿ ಪಟ್ಟಿ, ಬಹಳ ಸಲ ಉಕ್ಕಿನದು, ಕೂತಿರ್ತದೆ. ಮೈಭಾರ ಹೊರೋದು ಅದೇ. ಈಗ ಹಿಮ್ಮಡಿ ಮಾತ್ರ ಕಳಚಿದಿರಿ ಅಂದ್ಕೊಳ್ರಿ. ಒಳಗಿನ ಪಟ್ಟಿ ಹಳೆ ವಕ್ರದಲ್ಲೇ ಇರ್ತದೆ. ಜೋಡು ನೆಲಕ್ಕೆ ಕೂಡೋದಿಲ್ಲ, ಮೂತಿ ಮೇಲಕ್ಕೆತ್ತಿ ತೊಟ್ಟಿಲಿನಂಗ ತೂಗಾಡ್ತದ. ಪಟ್ಟಿ ತೆಗೆದು ಅಟ್ಟೆ ಮೆತ್ತಗೆ ಮಾಡಿದರೆ, ಹಿಮ್ಮಡಿ ಹಾಕಿದಾಗ ನಡು ಕುಸೀತದ. ಗಟ್ಟಿಯೂ ಇರಬೇಕು, ಮೆತ್ತಗೂ ಇರಬೇಕು. ಪ್ಯಾರಿಸ್ಸಿನ ತಾನ್ಯಾ ಹೀತ್ ಕಳಚುವ ಹಿಮ್ಮಡಿಗಳನ್ನು ಮಾಡಿದಾಗಲೂ, ಅಮೆರಿಕದ ಪ್ಯಾಶನ್ ಕಂಪನಿ ಹೀಲ್ಸನ್ನು ಚಪ್ಪಟೆ ಜೋಡಾಗಿ ಮಾರ್ಪಡಿಸುವ ಕೆಲಸಕ್ಕೆ ಇಳಿದಾಗಲೂ ಎದುರಾದ ತೊಡಕು ಇದೇ. ಅವರು ಅದಕ್ಕೆ ತಮ್ಮ ತಮ್ಮ ಪರಿಹಾರ ಕಂಡುಕೊಂಡರು. ಆದರೆ ಒಬ್ಬರ ಹಿಮ್ಮಡಿ ಇನ್ನೊಬ್ಬರ ಜೋಡಿಗೆ ಕೂಡೋದಿಲ್ಲ.

ಎರಡನೆಯ ತೊಡಕು ಕೀಲಿನದು. ದಿನಕ್ಕೆ ಐದು ಸಾವಿರ ಹೆಜ್ಜೆ ಹಾಕುವ ಮನುಷ್ಯ ಒಂದೊಂದು ಕಾಲಿನ ಮೇಲೆ ಎರಡೂವರೆ ಸಾವಿರ ಸಲ ಭಾರ ಹಾಕ್ತಾನೆ. ವರ್ಷಕ್ಕೆ 9 ಲಕ್ಷ ಸಲ ಮೀರ್ತದೆ. ನಡೆಯುವಾಗ ಬೀಳುವ ಭಾರ ಮೈತೂಕಕ್ಕಿಂತ ಸ್ವಲ್ಪ ಹೆಚ್ಚು, ಓಡುವಾಗ ಎರಡು ಮೂರು ಪಟ್ಟು. ದಿನಕ್ಕೆರಡು ಸಲ ತೆರೆದು ಮುಚ್ಚಲು ಅಂತ ಮಾಡಿದ ಒಂದು ಪುಟ್ಟ ಗುಂಡಿ 9 ಲಕ್ಷ ಜಗ್ಗಾಟ ತಡೀಬೇಕು. ಅದರ ಸಂದಿಗೆ ನಮ್ಮ ಧೂಳು, ಎರಿ ಮಣ್ಣು, ಮಳೆನೀರು. ಮೊದಲು ಸಾಯೋದು ಅಟ್ಟೆ ಅಲ್ಲ, ಚರ್ಮ ಅಲ್ಲ, ಆ ಗುಂಡಿ. ಗುಂಡಿ ಸತ್ತರೆ ಐದೂ ರೂಪ ಒಟ್ಟಿಗೆ ಸತ್ತವು. ಐದು ಜೋಡಿ ಇದ್ದವನಿಗೆ ಒಂದು ಹರಿದರೆ ನಾಲ್ಕು ಉಳೀತಾವ. ಐದಕ್ಕೆ ಒಂದು ಇದ್ದವನು ಬರಿಗಾಲಲ್ಲಿ ಮನೆಗೆ ಬರ್ತಾನೆ.

ಅಂಥದೊಂದು ಜೋಡನ್ನು ನಾನು ಆನ್‌ಲೈನಿನಲ್ಲಿ ತರಿಸಿದ್ದೆ. ನಾಲ್ಕನೇ ತಿಂಗಳಿಗೆ ಬಾರು ಹಿಡಿಯುವ ಕೊಕ್ಕೆ ಮುರೀತು. ಕಂಪನಿಯವರು, ಬಿಡಿ ಭಾಗ ಮಾರೋದಿಲ್ಲ, ಹೊಸ ಜೋಡಿಗೆ ರಿಯಾಯಿತಿ ಕೊಡ್ತೀವಿ ಅಂದ್ರು. ಸರ್ವೋದಯ ವೃತ್ತದ ಕಡೆ ಛತ್ರಿ ಕೆಳಗೆ ಕೂಡುವ ಕಾಕಾನ ಹತ್ರ ಒಯ್ದೆ. ಅವರು ಅದನ್ನ ಹಿಂದೆ ಮುಂದೆ ತಿರುವಿ ನೋಡಿದರು. "ತಮ್ಮಾ, ಇದರಾಗ ನನ್ನ ದಾರ ಹಿಡಿಯೂದಿಲ್ಲ. ಪ್ಲಾಸ್ಟಿಕ್ ಸೀಳ್ತದ. ಇದನ್ನ ಮಾಡಿದವ ರಿಪೇರಿಯವನ್ನ ನೆನಸೇ ಇಲ್ಲ ನೋಡು" ಅಂದರು. ನನ್ನ ಹದಿಮೂರು ವರ್ಷದ ವೃತ್ತಿಯಲ್ಲಿ ಕೇಳಿದ ಅತಿ ಚೊಕ್ಕ ಡಿಸೈನ್ ರಿವ್ಯೂ ಅದು.

*

ಹಂಗಂದ್ರ ರೂಪ ಬದಲಿಸುವ ಪಾದರಕ್ಷೆ ಆಗದ ಮಾತೋ? ಅಲ್ಲ. ಅದು ನಿಮ್ಮ ಮನೆ ಬಾಗಿಲಲ್ಲೇ ಬಿದ್ದಿದೆ. ಹವಾಯಿ ಚಪ್ಪಲಿ.

ಒಂದು ರಬ್ಬರ್ ಅಟ್ಟೆ, ಮೂರು ತೂತು, ಒಂದು ಬಾರು. ಬಾರು ಕಿತ್ತರೆ ದುರ್ಗದ ಬೈಲಿನಾಗ ಬರೀ ಬಾರು ಸಿಗ್ತದ. ಅಟ್ಟೆ ಯಾವ ಕಂಪನಿಯದಾದರೂ ಇರಲಿ, ಅಳತೆ ಹೊಂದಿದರೆ ಆಯ್ತು. ನೀಲಿ ತೆಗೆದು ಕೆಂಪು ಹಾಕ್ಕೊಳ್ರಿ. ಉಂಗುಷ್ಠದ ಗುಬ್ಬಿ ಕಿತ್ತು ಬಂದರೆ ಅಡಿಗೆ ಒಂದು ಪಿನ್ನು ಚುಚ್ಚಿ ಮೂರು ತಿಂಗಳು ನಡೀತದ. ಯಾವ ಮ್ಯಾನ್ಯುವಲ್ಲೂ ಬೇಡ, ಆರು ವರ್ಷದ ಹುಡುಗನೂ ಮಾಡ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ಮೂರು ತೂತು ಒಂದು ಮುಕ್ತ ಇಂಟರ್‌ಫೇಸ್. ಯಾರಪ್ಪನ ಸ್ವತ್ತೂ ಅಲ್ಲ. ಬಾರಿನ ಕಂಪನಿ ಮುಳುಗಿದರೂ ನಿಮ್ಮ ಅಟ್ಟೆ ಅನಾಥ ಆಗೋದಿಲ್ಲ.

ಚೆಂದದ ವಿಷಯಕ್ಕೂ ಇದೇ ಮಾತು. ಇಟಲಿಯ ಸಾಲ್ವತೊರೆ ಫೆರಗಾಮೊ 1951ರಲ್ಲಿ 'ಕಿಮೊ' ಅಂತ ಒಂದು ಸ್ಯಾಂಡಲ್ ಮಾಡಿದ. ಮೇಲೆ ಬರೀ ಬಾರುಗಳ ಜೋಡು, ಅದರೊಳಗೆ ಬಣ್ಣ ಬಣ್ಣದ ಸ್ಯಾಟಿನ್ ಕಾಲುಚೀಲ ಬದಲಿಸಿದರೆ ಹೊತ್ತಿಗೊಂದು ರೂಪ. ಷಿಕಾಗೊದ ಆ್ಯನಿ ಮೊಹಾಪ್ಟ್ ಅಟ್ಟೆಯ ಅಂಚಿಗೆ ಕುಣಿಕೆಗಳನ್ನಿಟ್ಟು, ಅದರಲ್ಲಿ ರಿಬ್ಬನ್ ಪೋಣಿಸಿ ಬೇಕಾದಂಗ ಕಟ್ಕೊಳ್ರಿ ಅಂದಳು. ಎರಡರಲ್ಲೂ ಗುಂಡಿ, ಕೊಕ್ಕೆಗಳ ಸರ್ಕಸ್ ಇಲ್ಲ. ಬಟ್ಟೆ, ಗಂಟು, ತೂತು. ಬದಲಾಗುವ ಭಾಗ ಅಗ್ಗದ್ದು, ಸಾಯೋದಾದರೆ ಅದೇ ಸಾಯ್ತದೆ.

*

ಇದೇ ನೋಟದಿಂದ ನಮ್ಮ ಅಥಣಿ, ನಿಪ್ಪಾಣಿ, ಮದಭಾವಿ ಕಡೆಯ ಚಪ್ಪಲಿ ನೋಡ್ರಿ. ಜಗತ್ತು ಅದನ್ನು ಕೊಲ್ಹಾಪುರಿ ಅಂತ ಕರೀತದ. ಹೆಸರು ಅವರದು, ಹೊಲಿಗೆ ಎಷ್ಟೋ ಪಾಲು ನಮ್ಮದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಸೇರಿದವು. ಹೌದು, ನಾನೂ ನೀವೂ ಕೂತಿರುವ ಈ ಧಾರವಾಡ ಜಿಲ್ಲೆಯೂ.

ಆ ಚಪ್ಪಲಿಯಲ್ಲಿ ಮೊಳೆ ಇಲ್ಲ. ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಹದ ಮಾಡಿದ ಚರ್ಮ, ಹೊಲಿಯೋದಕ್ಕೂ ಚರ್ಮದ್ದೇ ದಾರ. ಅಟ್ಟೆ ಕತ್ತರಿಸೋದು ಸಾಮಾನ್ಯವಾಗಿ ಗಂಡಸರು, ಹೊಲಿಗೆ, ಹೆಣಿಗೆ ಬಹುಪಾಲು ಹೆಂಗಸರು. ಮೊಳೆ, ಅಂಟು ಇಲ್ಲದ್ದರಿಂದ ಏನು ಲಾಭ ಅಂದರೆ, ಹೊಲಿಗೆ ಬಿಚ್ಚಬಹುದು, ಮತ್ತೆ ಹಾಕಬಹುದು. ಅಟ್ಟೆ ಸವೆದರೆ ಅಡಿಗೆ ಇನ್ನೊಂದು ಪದರ. ಉಂಗುಷ್ಠ ಹರಿದರೆ ಉಂಗುಷ್ಠ ಮಾತ್ರ. ಅಟ್ಟೆ ಸಪಾಟು, ಹಿಮ್ಮಡಿಯ ವಕ್ರದ ತಲೆನೋವೇ ಇಲ್ಲ. ರೂಪ ಬದಲಿಸುವ ಪಾದರಕ್ಷೆಗೆ ಇದಕ್ಕಿಂತ ಒಳ್ಳೆ ತಳಪಾಯ ಯಾವುದದ? ಅಂಚಿಗೆ ನಾಲ್ಕು ಸೀಳು ಬಿಟ್ಟರೆ ಮೇಲಿನ ಪಟ್ಟಿ ಬದಲಿಸಬಹುದು. ಹಿಂದೊಂದು ಬಾರು ಕಟ್ಟಿದರೆ ಬಸ್ಸು ಹತ್ತಲು ಓಡಬಹುದು. ಮಳೆಯಲ್ಲಿ ಈ ಚರ್ಮ ಉಬ್ಬುತ್ತದೆ, ಹೊಲಿಗೆ ತೂತು ದೊಡ್ಡದಾಗ್ತದೆ, ಆ ದೌರ್ಬಲ್ಯ ಇದ್ದೇ ಇದೆ. ಹಾಗಾದರೆ ಮಳೆಗಾಲಕ್ಕೆ ರಬ್ಬರಿನ ಅಡಿಅಟ್ಟೆ ಕಟ್ಟುವ ಬಗೆ ಹುಡುಕಿ. ಇದು ಸಂಶೋಧನೆಗೆ ತಕ್ಕ ಪ್ರಶ್ನೆ. ಇದನ್ನು ಬಿಟ್ಟು ಕೊಕ್ಕೆಗೆ ಪೇಟೆಂಟ್ ಹಾಕ್ತಾ ಕೂತಾರ.

ಇನ್ನು ಈ ಚಪ್ಪಲಿಗೆ ಹೊರಗಿನ ದೊಡ್ಡವರು ಕೈ ಹಾಕಿದಾಗ ಏನಾಯ್ತು? 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಶನ್ ಶೋದಲ್ಲಿ ಪ್ರಾಡಾ ಕಂಪನಿ ಇದೇ ಚಪ್ಪಲಿಯನ್ನು 'ಚರ್ಮದ ಸ್ಯಾಂಡಲ್' ಅಂತ ನಡೆಸಿಕೊಂಡು ಬಂತು. ಇಲ್ಲಿಂದ ಗದ್ದಲ ಎದ್ದ ಮೇಲೆ ಭಾರತದ ಕರಕುಶಲಿಗರಿಂದ ಸ್ಫೂರ್ತಿ ಪಡೆದದ್ದು ಹೌದು ಅಂತ ಒಪ್ಪಿಕೊಂಡಿತು. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯ್ತು. ಜಿಐ ಹಕ್ಕು ನೋಂದಣಿ ಆಗಿರೋದು ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್ ನಿಗಮಗಳ ಹೆಸರಿನಲ್ಲಿ, ಕೇಳಬೇಕಾದವರು ಅವರು, ನೀವಲ್ಲ ಅನ್ನೋದು ಅದರ ಸಾರ. ಡಿಸೆಂಬರಿನಲ್ಲಿ ಅದೇ ಎರಡು ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ತಯಾರಿಸೋದು, ಜೋಡಿಗೆ ಸುಮಾರು 800 ಯೂರೊ ಬೆಲೆ.

ಲೆಕ್ಕ ಹಾಕ್ರಿ. ಜೋಡಿಗೆ 80 ಸಾವಿರ ರೂಪಾಯಿಗೂ ಮೇಲೆ. ಎಲ್ಲ ಮಾರಿದರೆ 16 ಲಕ್ಷ ಯೂರೊ. ಒಪ್ಪಂದ ಆದದ್ದು ಒಳ್ಳೇದೇ, ಗದ್ದಲ ಮಾಡಿದ್ದಕ್ಕೆ ಫಲ ಸಿಕ್ಕಿತು. ಆದರೆ ನನ್ನ ಪ್ರಶ್ನೆ ಬೇರೆ. ಆ ಜೋಡಿನ ಮೇಲೆ ಹೊಲಿದ ಹೆಣ್ಣುಮಗಳ ಹೆಸರು ಇರ್ತದೋ? ಮಾರಾಟದಲ್ಲಿ ಅವಳಿಗೆ ಪಾಲೋ, ಇಲ್ಲಾ ಜೋಡಿಗಿಷ್ಟು ಅಂತ ಕೂಲಿಯೋ? ನಾಳೆ ನಮ್ಮದೇ ಬೆಂಗಳೂರಿನ ಹುಡುಗರು ಇದಕ್ಕೆ ನಾಲ್ಕು ಸೀಳು, ಎರಡು ಬಾರು ಸೇರಿಸಿ 'ಕನ್ವರ್ಟಿಬಲ್' ಅಂತ ತಂದಾಗ ಅದೇ ಪ್ರಶ್ನೆ ಅವರಿಗೂ.

ಕಾನೂನು ಇಲ್ಲಿ ಅಡ್ಡ ನಿಲ್ಲೋದಿಲ್ಲ, ತಿಳ್ಕೊಳ್ರಿ. ಜಿಐ ಕಾಯೋದು ಹೆಸರನ್ನ. ಬೇರೆ ಹೆಸರಿಟ್ಟು ಅದೇ ರೂಪ ಮಾರುವವನನ್ನು ಹಿಡಿಯೋದು ಕಷ್ಟ. ಪೇಟೆಂಟ್ ಕಾಯಿದೆಯ 3(ಪಿ) ಕಲಮು ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಕೊಡಬಾರದು ಅನ್ನುತ್ತದೆ, ಸರಿ. ಆದರೆ 2000ದ ಡಿಸೈನ್ ಕಾಯಿದೆಯಲ್ಲಿ 'ಹೊಸ' ವಿನ್ಯಾಸಕ್ಕೆ ಹತ್ತು ವರ್ಷ, ಮುಂದುವರಿಸಿದರೆ ಹದಿನೈದು ವರ್ಷ ರಕ್ಷಣೆ. ತಲೆಮಾರುಗಳಿಂದ ಬಂದದ್ದು 'ಹೊಸದಲ್ಲ', ಹಾಗಾಗಿ ಅಥಣಿಯವರಿಗೆ ರಕ್ಷಣೆ ಇಲ್ಲ. ಅದರ ಮೇಲೆ ಹೊಸದೊಂದು ತಿರುವು ಕೊಟ್ಟವನಿಗೆ ಇದೆ. ಗಿಡ ಅವರದು, ಮಾವಿನಕಾಯಿಗೆ ಸ್ಟಿಕ್ಕರ್ ಅಂಟಿಸಿದವನ ಹೆಸರಿಗೆ ತೋಟ.

*

ಈಗ ಜಾತಿಯ ಮಾತು ಎತ್ತಲೇಬೇಕು. ಚಪ್ಪಲಿ ಬಗ್ಗೆ ಬರೆದು ಜಾತಿ ಬಗ್ಗೆ ಬರೀಲಿಲ್ಲ ಅಂದ್ರ ಅದು ಮೋಸ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಶರಣರ ಸಾಲಿನಲ್ಲಿ ಕೂತರು. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಜೋಡು ಮಾಡಿಕೊಟ್ಟರು ಅನ್ನೋ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ವರ್ಷಾ ಬಸವ ಜಯಂತಿಗೆ ಭಾಷಣದಾಗ ಕೇಳ್ತೀವಿ, ಕಣ್ಣು ಒರೆಸ್ಕೊಳ್ತೀವಿ. ಮರುದಿನ ಚಪ್ಪಲಿ ಹೊಲಿಸಿ ಹತ್ತು ರೂಪಾಯಿ ದೂರದಿಂದ ಎಸೀತೀವಿ. ಹಿಂದೆ ಎಷ್ಟೋ ಊರುಗಳಲ್ಲಿ ಮೇಲ್ಜಾತಿಯವರ ಓಣಿ ಬಂದ ಕೂಡಲೇ ದಲಿತರು ಕಾಲಿನ ಚಪ್ಪಲಿ ಕೈಗೆ ತಗೋಬೇಕಿತ್ತು. ತಾನು ಹೊಲಿದ ಜೋಡು ತನ್ನ ಕಾಲಲ್ಲಿ ಇರುವಂತಿಲ್ಲ. ಎರಿ ಮಣ್ಣಿಗೆ ಚಪ್ಪಲಿ ಕೈಗೆ ಬರೋದು ಒಂದು, ಹಿಂಗ ಬರೋದು ಇನ್ನೊಂದು.

ಊರಾಗ ಆಯ ಪದ್ಧತಿ ಇತ್ತು. ವರ್ಷಪೂರ್ತಿ ಚಪ್ಪಲಿ, ಮಿಣಿ, ಬಾರುಕೋಲು ಮಾಡಿಕೊಡೋದು, ರಿಪೇರಿ ನೋಡ್ಕೊಳ್ಳೋದು, ಸುಗ್ಗಿಗೆ ರಾಶಿಯಲ್ಲಿ ಕಾಳು ಒಯ್ಯೋದು. ಈಗಿನ ಭಾಷೆಯಲ್ಲಿ ವಾರ್ಷಿಕ ನಿರ್ವಹಣೆ ಒಪ್ಪಂದ. ನಮ್ಮ ಮನೆ ಕಾಳು ಅಳೆದು ಕೊಡುವ ಕಡೆಗಿತ್ತು, ಎಷ್ಟು ಅಂತ ಹೇಳುವ ಅಧಿಕಾರವೂ ನಮ್ಮ ಕಡೆಗೇ ಇತ್ತು. ಆ ಪದ್ಧತಿ ಹೋಗಿದ್ದೇ ಚಲೋ ಆತು. ಆದರೆ ಬೆಲೆ ಹೇಳುವ ಅಧಿಕಾರ ಮಾತ್ರ ಇನ್ನೂ ಹೊಲಿಯುವವರ ಕೈಗೆ ಬಂದಿಲ್ಲ. ಅವತ್ತು ಗೌಡ್ರು ಹೇಳ್ತಿದ್ದರು, ಇವತ್ತು ಡಿಸೈನರು ಹೇಳ್ತಾರೆ. ಅದೇ ಚರ್ಮ ಮುಟ್ಟಿದರೆ ಒಬ್ಬನಿಗೆ ಜಾತಿಯ ಹೆಸರು, ಇನ್ನೊಬ್ಬನಿಗೆ ವಿಸಿಟಿಂಗ್ ಕಾರ್ಡು.

ನಾನು ಮೊದಲು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಶುಕ್ರವಾರ ಬಿಟ್ಟು ಬೇರೆ ದಿನ ಚಪ್ಪಲಿ ಹಾಕಿ ಬಂದವರನ್ನು ಗೇಟಿನಲ್ಲೇ ನಿಲ್ಲಿಸ್ತಿದ್ದರು. ಕೊಲ್ಹಾಪುರಿಗೂ ಅದೇ ನಿಯಮ. 800 ರೂಪಾಯಿಯ ಜೋಡು ಅಶಿಸ್ತು, 800 ಯೂರೊದ ಜೋಡು ಫ್ಯಾಶನ್. 40 ಡಿಗ್ರಿ ಬಿಸಿಲಿನ ಊರಿನಲ್ಲಿ ಕಾಲ್ಚೀಲ, ಬೂಟು ಯಾಕೆ ಬೇಕು ಅಂತ ಯಾರೂ ಕೇಳೋದಿಲ್ಲ. ಅರ್ಧ ಸಮಸ್ಯೆಗೆ ಪರಿಹಾರ ಅಲ್ಲೇ ಇದೆ. ಗೇಟಿನ ನಿಯಮ ತೆಗೆದರೆ ಚಿಗರಿ ಬಸ್ಸಿನ ಹುಡುಗಿಯ ಚೀಲ ಇವತ್ತೇ ಹಗುರಾಗ್ತದ, ಯಾವ ಸ್ಟಾರ್ಟ್‌ಅಪ್ಪೂ ಬ್ಯಾಡ.

*

ಇದನ್ನು ಹೇಳಿದಾಗ ಗೆಳೆಯರು ಎರಡು ತಕರಾರು ತೆಗೀತಾರೆ.

ಒಂದು: "ಕೀಲು ಎಲ್ಲರಿಗೂ ಮುಕ್ತ ಮಾಡಿದ್ರ ರೊಕ್ಕ ಹಾಕೋರು ಯಾರು?" ಸೈಕಲ್ ನೋಡ್ರಿ. ಪೆಡಲ್ಲು, ಟೈರು, ಸೀಟು ಯಾವ ಅಂಗಡಿಯಲ್ಲಿ ಬೇಕಾದರೂ ಸಿಗ್ತಾವ, ಬಹುತೇಕ ಎಲ್ಲಕ್ಕೂ ಹೊಂದ್ತಾವ. ಅದರಿಂದ ಸೈಕಲ್ ಕಂಪನಿಗಳು ಮುಳುಗಲಿಲ್ಲ. ಸೈಕಲ್ ಊರೂರಿಗೆ ಹೋಗಿದ್ದೇ ಅದರಿಂದ. ರೊಕ್ಕ ಇರೋದು ಒಳ್ಳೆ ಅಟ್ಟೆಯಲ್ಲಿ, ಚೆಂದದ ಪಟ್ಟಿಯಲ್ಲಿ, ಹೊಲಿಗೆಯಲ್ಲಿ. ತೂತಿನಲ್ಲಿ ರೊಕ್ಕ ಹುಡುಕುವವನಿಗೆ ಅಟ್ಟೆ ಮೇಲೆ ನಂಬಿಕೆ ಇಲ್ಲ ಅಂತಲೇ ಅರ್ಥ.

ಎರಡನೆಯದು ಗಟ್ಟಿ ತಕರಾರು. ಸಮಾಜ ಕಲ್ಯಾಣ ಹಾಸ್ಟೆಲಿನಲ್ಲಿದ್ದು ಓದಿ ಇಂಜಿನಿಯರ್ ಆದ ಗೆಳೆಯ ಕೇಳಿದ: "ನಮ್ಮಪ್ಪ ಉಳಿ, ರಂಪಿಗೆ ಬಿಡಲಿ ಅಂತ ನಾವು ಓದಿದ್ದು. ನೀ ಈಗ ಬಂದು ಅದು ಪರಂಪರೆ, ಉಳಿಸ್ರಿ ಅಂತೀಯಲ್ಲೋ?" ಇಲ್ಲ. ಕಸುಬು ಜಾತಿಗೆ ಕಟ್ಟಿಹಾಕಿ ಅಂತ ನಾನು ಹೇಳೋದಿಲ್ಲ. ಬಿಡುವವರು ಬಿಡಲಿ, ಬೇಗ ಬಿಡಲಿ. ಯಾರ ಮಕ್ಕಳು ಬೇಕಾದರೂ ಚರ್ಮದ ಕೆಲಸ ಕಲೀಲಿ, ನನ್ನ ಮಗಳೂ ಕಲೀಲಿ. ನಾನು ಕೇಳೋದು ಇಷ್ಟೇ: ತಲೆಮಾರುಗಳಿಂದ ಅವಮಾನದ ಜೊತೆಗೇ ಕೂಡಿಟ್ಟ ಆ ಅರಿವಿಗೆ ಬೆಲೆ ಬರುವ ಹೊತ್ತಿಗೆ, ಅದನ್ನು ಕೂಡಿಟ್ಟವರನ್ನು ಕೋಣೆಯಿಂದ ಹೊರಗೆ ಕಳಿಸಬ್ಯಾಡ್ರಿ. ಆ ಗೆಳೆಯನ ತಂದೆಗೆ ಕೂಲಿ ಬ್ಯಾಡ, ಕುರ್ಚಿ ಕೊಡ್ರಿ.

ಅಥಣಿಯಲ್ಲಿ ಇದು ಕನಸೂ ಅಲ್ಲ. ಅಲ್ಲಿ 'ಟೋಹೋಲ್ಡ್' ಅನ್ನೋ ಹೆಸರಿನಲ್ಲಿ ಚಪ್ಪಲಿ ಮಾಡುವ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಒಟ್ಟುಗೂಡಿ, ಹೊಸ ವಿನ್ಯಾಸ ಕಲಿತು, ವಿದೇಶಕ್ಕೂ ಮಾಲು ಕಳಿಸಿದ ಇತಿಹಾಸ ಇದೆ. ಲಿಡ್ಕರ್ ಸಾಮಾನ್ಯ ಸಂಸ್ಥೆ ಅಲ್ಲ, ಜಿಐ ಹಕ್ಕಿನ ಜಂಟಿ ಒಡೆಯ. ನಟ ಡಾಲಿ ಧನಂಜಯ ಅದರ ರಾಯಭಾರಿ ಆದದ್ದು ಸಂತೋಷ. ಆದರೆ ಪೋಸ್ಟರಿನ ಜೊತೆಗೆ ಅಥಣಿಯಲ್ಲೊಂದು ಪ್ರಯೋಗಶಾಲೆ ಬೇಕು. ಬದಲಿಸಬಹುದಾದ ಪಟ್ಟಿ ಎಲ್ಲಿ ಕೂಡಬೇಕು, ಸೀಳು ಎಷ್ಟು ಅಗಲ, ಎಲ್ಲಿಂದೆಲ್ಲಿಗೆ, ಈ ಅಳತೆಗಳನ್ನು ಅಲ್ಲಿ ಹೊಲಿಯುವವರೇ ಕೂತು ನಿಗದಿ ಮಾಡಲಿ. ನಿಗಮ ಅದನ್ನು ಎಲ್ಲರಿಗೂ ತೆರೆದು ಪ್ರಕಟಿಸಲಿ. ಒಮ್ಮೆ ಪ್ರಕಟವಾದದ್ದನ್ನು ನಾಳೆ ಯಾವ ಕಂಪನಿಯೂ 'ಹೊಸ ವಿನ್ಯಾಸ' ಅಂತ ತನ್ನ ಹೆಸರಿಗೆ ಬರೆಸಿಕೊಳ್ಳೋಕೆ ಆಗೋದಿಲ್ಲ. ಅಥಣಿಯ ಅಟ್ಟೆಗೆ ಧಾರವಾಡದ ಕಸೂತಿ ಪಟ್ಟಿ, ಇಳಕಲ್ಲಿನ ಸೀರೆ ಅಂಚಿನ ಪಟ್ಟಿ ಕೂಡಲಿ. ಆಗ ನೋಡ್ರಿ, ಒಂದು ಜೋಡಿಗೆ ಎಷ್ಟು ರೂಪ ಅಂತ.

ಮುಂದಿನ ಸಲ ಯಾರಾದರೂ ಐದು ರೂಪದ ಜೋಡಿನ ಸ್ಲೈಡು ತಂದರೆ ನನ್ನದು ಒಂದೇ ಪರೀಕ್ಷೆ. ಕೇಶ್ವಾಪುರಕ್ಕೆ ಬರ್ರಿ. ಜೋಡನ್ನ ಛತ್ರಿ ಕೆಳಗಿನ ಕಾಕಾನ ಕೈಗೆ ಕೊಡ್ರಿ. ಅವರ ಹತ್ರ ಇರುವ ಉಳಿ, ಸೂಜಿ, ದಾರದಿಂದ ಹದಿನೈದು ನಿಮಿಷದಾಗ ಅದನ್ನ ಬಿಚ್ಚಿ, ಮುರಿದ ಭಾಗ ಬದಲಿಸಿ, ಮತ್ತೆ ಕೂಡಿಸಿಕೊಟ್ಟರೆ ಮೊದಲ ಜೋಡಿ ನಾನೇ ಪೂರ್ತಿ ಬೆಲೆಗೆ ಕೊಳ್ತೀನಿ. ಮತ್ತ ಆ ಹದಿನೈದು ನಿಮಿಷಕ್ಕೆ ಅವರಿಗೆ ಫೀ ಕೊಡ್ರಿ. ರಿಪೇರಿಯ ರೇಟು ಅಲ್ಲ, ಬೆಂಗಳೂರಿನಾಗ ನಿಮ್ಮ ಡಿಸೈನ್ ಕನ್ಸಲ್ಟಂಟಿಗೆ ಕೊಟ್ಟ ರೇಟು.